ಬೀಜ ಹಾಕಿ ತೀರ್ಮಾನ ಮಾಡಬಾರದ ಸಂಗತಿಗಳು: ಮುಧೋಳ ಸೀಮೆಯ ಒಂದು ಅಂಗನವಾಡಿಯ ಪ್ರಕರಣ

ಊರು, ಕೇಂದ್ರ, ಹಂಗಾಮು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿ ಘಟಪ್ರಭಾ ದಂಡೆಯ ಊರುಗಳಿಗೆ ದೀಪಾವಳಿ ಆಸುಪಾಸು ಜನ ಜಾಸ್ತಿ ಆಗುತ್ತಾರೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ ಕೂಡಲೇ ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ. ಹೊಲದ ಬದುವಿನಲ್ಲಿ, ಕಾಲುವೆ ಪಕ್ಕದಲ್ಲಿ ತಾಡಪತ್ರಿಯ ಜೋಪಡಿಗಳು ಏಳುತ್ತವೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವ ಕೆಲಸ ಇದು. ನಸುಕಿನಲ್ಲಿ ಹೊರಟರೆ ಟ್ರ್ಯಾಕ್ಟರ್ ತುಂಬುವವರೆಗೂ ಬಿಡುವಿಲ್ಲ. ಸಣ್ಣ ಮಕ್ಕಳು ಜೋಪಡಿಯಲ್ಲಿ ಉಳಿಯುತ್ತವೆ. ಇಲ್ಲವೇ ಹೊಲದಲ್ಲೇ ರವದಿ (ಕಬ್ಬಿನ ಒಣಗಿದ ಸೋಗೆ) ಮೇಲೆ ಮಲಗಿರುತ್ತವೆ.

ಈ ಪ್ರಕರಣ ನಡೆದದ್ದು ಅಂಥ ಒಂದು ಊರಿನ ಅಂಗನವಾಡಿಯಲ್ಲಿ. ಊರಿನ ಹೆಸರು, ಜನರ ಹೆಸರು ಬರೆದಿಲ್ಲ. ಸಣ್ಣ ಮಕ್ಕಳ ವಿಷಯ ಅಲ್ವಾ. ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಆ ಹಂಗಾಮಿನ ಉದ್ದಕ್ಕೂ ಆಗಾಗ ಅಲ್ಲಿಗೆ ಹೋಗಿ ಕೂತಿದ್ದರಿಂದ ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅಲ್ಲಿನ ಕಾರ್ಯಕರ್ತೆ ಹೇಳಿದ್ದಾರೆ. ಮಕ್ಕಳು ಅವರನ್ನು ಅಕ್ಕೋರು ಅನ್ನುತ್ತವೆ. ನಾನೂ ಹಾಗೇ ಕರೆಯುತ್ತೇನೆ.

ಸರ್ಕಾರಿ ಶಾಲೆಯ ಕಾಂಪೌಂಡಿನೊಳಗೆ ಒಂದು ಕೋಣೆ, ಅದಕ್ಕೆ ಅಂಟಿದ ಅಡುಗೆಮನೆ, ಮುಂದೆ ಬೇವಿನ ಮರ. ನಾಗರ ಪಂಚಮಿಗೆ ಆ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹಬ್ಬ ಮುಗಿದ ಮೇಲೆ ಬಿಚ್ಚಲು ಮಕ್ಕಳು ಬಿಡಲಿಲ್ಲ. ಮಕ್ಕಳು ಹದಿನೆಂಟೋ ಇಪ್ಪತ್ತೋ, ಜೋಕಾಲಿ ಒಂದೇ. ಮುಂದೆ ಆಗಿದ್ದೆಲ್ಲ ಈ ಜೋಕಾಲಿಯ ಸುತ್ತಲೇ.

ಹುಣಸೆ ಬೀಜದ ಮತ

ಪಕ್ಕದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ಸಂವಿಧಾನದ ಪೀಠಿಕೆ ಓದುತ್ತಾರೆ. 2023ರಿಂದ ರಾಜ್ಯದ ಶಾಲೆಗಳಲ್ಲಿ ಇದು ಕಡ್ಡಾಯ. ಗೋಡೆಯಾಚೆಯ ಆ ದನಿ ಕೇಳಿ ಕೇಳಿ ಅಂಗನವಾಡಿ ಮಕ್ಕಳಿಗೂ ಮೊದಲ ಸಾಲು ಬಾಯಿಗೆ ಬಂದಿತ್ತು. ಚುನಾವಣೆ ಬಂದಾಗ ಅದೇ ಶಾಲೆ ಮತಗಟ್ಟೆ. ಅವ್ವ ಅಪ್ಪನ ಬೆರಳಿಗೆ ಹತ್ತಿದ ಶಾಯಿಯನ್ನು ಮಕ್ಕಳು ಉಜ್ಜಿ ಉಜ್ಜಿ ನೋಡಿದ್ದರು. ಅಕ್ಕೋರಿಗೆ ಇದನ್ನೇ ಆಟವಾಗಿ ಮಾಡಬಾರದೇಕೆ ಅನಿಸಿತು.

ದಿನದ ಕೊನೆಯ ಅರ್ಧ ಗಂಟೆ ಏನು ಮಾಡಬೇಕು ಅನ್ನೋದನ್ನು ಮಕ್ಕಳಿಗೇ ಬಿಟ್ಟರು. ಎರಡು ಸ್ಟೀಲ್ ಬಟ್ಟಲು ಇಟ್ಟು, ಒಂದೊಂದರ ಹಿಂದೆ ಒಂದೊಂದು ಚಿತ್ರ ನಿಲ್ಲಿಸಿದರು. ಒಂದು ದಿನ ಜೋಕಾಲಿ ಮತ್ತು ಮಣ್ಣಿನಾಟ, ಇನ್ನೊಂದು ದಿನ ಕಥೆ ಮತ್ತು ಹಾಡು. ಮಗುವಿಗೊಂದು ಹುಣಸೆ ಬೀಜ. ಸಾಲಾಗಿ ಬಂದು ತನಗೆ ಬೇಕಾದ ಬಟ್ಟಲಿಗೆ ಹಾಕಬೇಕು. ಆಮೇಲೆ ಎಲ್ಲರೂ ಸೇರಿ ಎಣಿಸಬೇಕು.

ಇದು ಚೆನ್ನಾಗಿಯೇ ನಡೆಯಿತು. ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗ ಬಟ್ಟಲಿನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ, ಬೀಜ ಹಾಕಿ, ಟಣ್ ಅಂದ ಸದ್ದಿಗೆ ತಾನೇ ನಕ್ಕಿದ್ದನ್ನು ನೋಡಿದ್ದೇನೆ. ತಾನು ಹಾಕಿದ್ದು ಲೆಕ್ಕಕ್ಕೆ ಬಂತು ಅನ್ನುವುದು ಮಗುವಿಗೆ ದೊಡ್ಡ ಸಂಗತಿ. ಎಣಿಕೆ ಕಲಿಯೋದು ಅದರ ಜೊತೆಗೇ ಆಯಿತು. ಹತ್ತಕ್ಕಿಂತ ಹನ್ನೊಂದು ಜಾಸ್ತಿ ಅನ್ನೋದು ಪಾಟಿಗಿಂತ ಬಟ್ಟಲಲ್ಲಿ ಬೇಗ ತಿಳಿಯಿತು. ನೋಡಲು ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು, ‘ಅಂಗನವಾಡಿಯಲ್ಲೇ ಪ್ರಜಾಪ್ರಭುತ್ವ’ ಅಂದರು.

ಗ್ಯಾಂಗಿನ ಮಕ್ಕಳು ಬಂದ ಮೇಲೆ

ನವೆಂಬರಿನಲ್ಲಿ ಅಕ್ಕೋರು ಜೋಪಡಿಗಳ ಕಡೆ ಹೋದರು. ಯಾರೂ ಹೋಗಲು ಹೇಳಿರಲಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 6 ತಿಂಗಳಿನಿಂದ 6 ವರ್ಷದವರೆಗಿನ ಮಗುವಿಗೆ ಹತ್ತಿರದ ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕು. ಮಗು ಯಾವ ಊರಿನದು ಅನ್ನೋದು ಅಲ್ಲಿ ಪ್ರಶ್ನೆಯಲ್ಲ. ಆದರೆ ಕಾಯ್ದೆ ತಾನಾಗಿ ಜೋಪಡಿವರೆಗೆ ನಡೆದು ಹೋಗುವುದಿಲ್ಲ. ಅಂಗನವಾಡಿ ಅನ್ನುವ ಕಲ್ಪನೆ ಹುಟ್ಟಿದ್ದೇ ಹಾಗೆ. 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಾಲವಾಡಿ ಶುರು ಮಾಡಿದಾಗ ಬಡವರ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ಅವರೇ ಆ ಮಕ್ಕಳ ಮನೆಯಂಗಳಕ್ಕೆ ಹೋದರು. ಅಂಗಳದಲ್ಲಿ ನಡೆದದ್ದರಿಂದ ಅಂಗನವಾಡಿ. ಇಂದಿನ ಅಂಗನವಾಡಿಗಳನ್ನು ನಡೆಸುವ ಸರ್ಕಾರದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, 1975ರ ಅಕ್ಟೋಬರ್ 2ರಂದು.

ಐದು ಮಕ್ಕಳು ಬರತೊಡಗಿದವು. ಎಲ್ಲರೂ ವಿಜಯಪುರ ಜಿಲ್ಲೆಯ ಒಂದೇ ತಾಂಡಾದವರು. ಮನೆಮಾತು ಲಂಬಾಣಿ, ಕನ್ನಡ ಅರ್ಧಂಬರ್ಧ. ಅವರಲ್ಲಿ ಐದು ವರ್ಷದ ಒಬ್ಬ ಹುಡುಗಿ. ಸೊಂಟದ ಮೇಲೆ ಸದಾ ಒಂದೂವರೆ ವರ್ಷದ ತಮ್ಮ. ಅವನನ್ನು ಬಿಟ್ಟು ಬಾ ಅಂದರೆ ಅವಳು ಬರುವಂತಿಲ್ಲ, ಅವನನ್ನು ನೋಡಿಕೊಳ್ಳುವವರು ಅವಳೇ.

ಅವಳಿಗೂ ಒಂದು ಬೀಜ ಸಿಕ್ಕಿತು. ಮೊದಲ ದಿನ ಮಣ್ಣಿನಾಟದ ಬಟ್ಟಲಿಗೆ ಹಾಕಿದಳು. ಜೋಕಾಲಿ ಗೆದ್ದಿತು. ಮರುದಿನವೂ ಅಷ್ಟೇ. ಊರಿನ ಮಕ್ಕಳು ಹದಿನೆಂಟು, ಇವರು ಐದು. ಊರಿನ ಮಕ್ಕಳಿಗೆ ಜೋಕಾಲಿ ಬೇಕು. ಹೀಗಿರುವಾಗ ಲೆಕ್ಕ ಬೇರೆ ಹೇಗೆ ಆದೀತು? ಒಂದು ವಾರ ಕಳೆಯುವಷ್ಟರಲ್ಲಿ ಅವಳು ಬೀಜ ಹಾಕೋದು ಬಿಟ್ಟಳು. ಮುಷ್ಟಿಯಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ‘ಯಾಕವ್ವಾ, ಹಾಕಂಗಿಲ್ಲೇನು?’ ಅಂದರೆ ತಲೆ ತಗ್ಗಿಸುತ್ತಿದ್ದಳು.

ಒಂದು ಮಧ್ಯಾಹ್ನ ತಮ್ಮ ಅವಳ ಮುಷ್ಟಿ ಬಿಡಿಸಿ ಬೀಜವನ್ನು ಬಾಯಿಗೆ ಹಾಕಿಕೊಂಡ. ಸಹಾಯಕಿ ಓಡಿ ಬಂದು ಬೆರಳಿಂದ ತೆಗೆದರು. ಗಂಟಲಿಗೆ ಇಳಿದಿದ್ದರೆ ಏನಾಗುತ್ತಿತ್ತು ಅಂತ ಹೇಳಬೇಕಿಲ್ಲ. ಅಂದಿನಿಂದ ಹುಣಸೆ ಬೀಜ ಬಂದ್ ಆಗಿ, ಮೆಕ್ಕೆಜೋಳದ ಖಾಲಿ ದಿಂಡಿನ ಗೇಣುದ್ದದ ತುಂಡುಗಳು ಬಂದವು. ಮೂರು ವರ್ಷದೊಳಗಿನ ಮಕ್ಕಳು ಬಂದು ಹೋಗುವ ಕಡೆ ಬೀಜ, ಗೋಲಿ, ಗುಂಡಿ ಇಟ್ಟುಕೊಳ್ಳಲೇಬಾರದು. ಇದನ್ನು ಓದಿ ಯಾರಾದರೂ ಈ ಆಟ ಮಾಡಿಸುವುದಾದರೆ ಮೊದಲು ಈ ಮಾತು ನೆನಪಿರಲಿ. ಮಕ್ಕಳ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಬೀಜ ಹಾಕೋದು’.

ಆ ದಿನ ಅಕ್ಕೋರು ಹುಡುಗಿಯ ಪಕ್ಕ ನೆಲಕ್ಕೆ ಕೂತರು. ಪ್ರಶ್ನೆ ಕೇಳಲಿಲ್ಲ, ಸುಮ್ನೆ ಕೂತರು. ಹುಡುಗಿ ತಮ್ಮನನ್ನು ಮಣ್ಣಿನ ಗುಂಪೆಯ ಹತ್ತಿರ ಇಳಿಸಿದಳು. ಅವನು ಎರಡೂ ಕೈ ಮಣ್ಣಿಗೆ ಹಾಕಿ ಆಡತೊಡಗಿದ. ಇವಳ ಎರಡೂ ಕೈ ಖಾಲಿ ಆದವು. ಆ ಖಾಲಿ ಕೈಯಲ್ಲಿ ಅವಳು ಹಸಿಮಣ್ಣು ಕಲಸಿ ಒಂದು ಎತ್ತು ಮಾಡಿದಳು. ಬೆನ್ನಿನ ಇಣಿ, ಕೋಡು, ಬಾಲ, ಎಲ್ಲ ಇತ್ತು. ಕೊಂಬಿಗೆ ರವದಿಯ ಎಳೆ ಸುತ್ತಿದಳು.

ಅಕ್ಕೋರಿಗೆ ಆಗ ತಿಳಿಯಿತು. ಅವಳು ಮಣ್ಣಿನಾಟ ಆರಿಸಿದ್ದು ಮಣ್ಣಿನ ಆಸೆಗಷ್ಟೇ ಅಲ್ಲ. ತಮ್ಮ ಪಕ್ಕದಲ್ಲಿ ಕೂತು ಆಡಬಹುದಾದ ಆಟ ಅದೊಂದೇ. ಜೋಕಾಲಿ ಗೆದ್ದ ದಿನ ಅವಳಿಗೆ ಆಟವೇ ಇಲ್ಲ, ತಮ್ಮನನ್ನು ಹೊತ್ತು ನಿಲ್ಲಬೇಕು. ಬೀಜ ಇದನ್ನು ಹೇಳಲಾರದು. ಬೀಜ ಎಷ್ಟು ಜನ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಒಪ್ಪಿತವಾಯಿತು. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್ 11ರಂದು. ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ, ಅದನ್ನು ದೊಡ್ಡವರು ಗಣನೆಗೆ ತೆಗೆದುಕೊಳ್ಳುವ ಹಕ್ಕನ್ನು ಅದರ 12ನೇ ವಿಧಿ ಮಗುವಿಗೆ ಕೊಡುತ್ತದೆ. ಮಾತೇ ಸರಿಯಾಗಿ ಬಾರದ ಮಗುವಿಗೆ ಇದು ಹೇಗೆ ಅನ್ವಯಿಸುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಒಡಂಬಡಿಕೆಯ ಸಮಿತಿ 2005ರಲ್ಲಿ ಹೊರಡಿಸಿದ 7ನೇ ಸಾಮಾನ್ಯ ಟಿಪ್ಪಣಿ ಇದಕ್ಕೆಂದೇ ಇದೆ. ಮಾತು, ಬರಹ ಬರುವ ಎಷ್ಟೋ ಮೊದಲೇ ಮಗು ಆರಿಸಿಕೊಳ್ಳುತ್ತದೆ, ತನ್ನ ಭಾವನೆ ತಿಳಿಸುತ್ತದೆ, ಅದನ್ನು ಹಿಡಿಯುವ ತಾಳ್ಮೆ ದೊಡ್ಡವರಲ್ಲಿ ಇರಬೇಕು ಅನ್ನುವುದು ಅದರ ಸಾರ. ತರಬೇತಿಯಲ್ಲಿ ನಾವು ಇದನ್ನು ಹೇಳುತ್ತೇವೆ, ಎಲ್ಲರೂ ಬರೆದುಕೊಳ್ಳುತ್ತಾರೆ. ಅದು ನಿಜವಾಗಿ ನಡೆಯುವುದು ಅಕ್ಕೋರು ಕೂತಂತೆ ನೆಲಕ್ಕೆ ಕೂತಾಗ ಮಾತ್ರ.

‘ಹಾಕೋಣು ಬೀಜ’

ಅಷ್ಟರಲ್ಲಿ ಇನ್ನೊಂದು ಆಯಿತು. ಈ ಪ್ರಕರಣವನ್ನು ಬರೆಯಬೇಕು ಅನಿಸಿದ್ದೇ ಅದರಿಂದ.

ಗ್ಯಾಂಗಿನ ಇಬ್ಬರು ಗಂಡುಮಕ್ಕಳು ಜೋಕಾಲಿಗೆ ಬಂದರು. ಸರದಿ ಉದ್ದವಾಯಿತು. ಊರಿನ ಒಬ್ಬ ಹುಡುಗನಿಗೆ ಸಿಟ್ಟು ಬಂತು. ವಯಸ್ಸು ಐದೂವರೆ ಇರಬಹುದು, ಚುರುಕು, ಎಲ್ಲದರಲ್ಲೂ ಮುಂದು. ಅವನು ಅಕ್ಕೋರ ಹತ್ತಿರ ಬಂದು ಅಂದ: ‘ಅಕ್ಕೋರ, ಗ್ಯಾಂಗಿನವ್ರು ಜೋಕಾಲಿ ಆಡೂದು ಬ್ಯಾಡ. ಹಾಕೋಣು ಬೀಜ.’ ಹಿಂದೆ ಆರೇಳು ಮಕ್ಕಳು ‘ಹಾಕೋಣು, ಹಾಕೋಣು’ ಅಂದವು. ಒಬ್ಬಳು ಆಗಲೇ ಬಟ್ಟಲು ತಂದಳು.

ಅಕ್ಕೋರು ಬಟ್ಟಲು ಇಸಿದುಕೊಂಡು ಮೇಲಿಟ್ಟರು. ‘ಇದಕ್ಕ ಬೀಜ ಹಾಕಂಗಿಲ್ಲ.’

ಹುಡುಗ ಬಿಡಲಿಲ್ಲ. ‘ನೀವ ಹೇಳಿದ್ರಲ್ಲ, ಜಾಸ್ತಿ ಮಂದಿ ಹೇಳಿದ್ದು ಆಗ್ತೈತಿ ಅಂತ?’

ಈ ಪ್ರಶ್ನೆಗೆ ನನ್ನ ಬಳಿಯೂ ಆ ಹೊತ್ತಿನಲ್ಲಿ ಥಟ್ಟನೆ ಉತ್ತರ ಇರಲಿಲ್ಲ. ಹುಡುಗ ಹೇಳಿದ್ದರಲ್ಲಿ ಸುಳ್ಳೇನಿದೆ? ಕಲಿಸಿದ್ದನ್ನೇ ಅವನು ಮುಂದಕ್ಕೆ ಒಯ್ದಿದ್ದ. ಅವನನ್ನು ಗದರಿಸಿ ಕೂರಿಸಿದ್ದರೆ ಎರಡು ತಪ್ಪು ಪಾಠ ಒಟ್ಟಿಗೆ ಆಗುತ್ತಿತ್ತು. ಮತ ಅನ್ನೋದು ದೊಡ್ಡವರಿಗೆ ಒಪ್ಪಿಗೆ ಆಗುವವರೆಗೆ ಮಾತ್ರ ಅನ್ನುವುದು ಒಂದು. ಪ್ರಶ್ನೆ ಕೇಳಿದರೆ ಬೈಗುಳ ಬೀಳುತ್ತದೆ ಅನ್ನುವುದು ಇನ್ನೊಂದು.

ಅಕ್ಕೋರು ಬೈಯಲಿಲ್ಲ. ಎಲ್ಲರನ್ನೂ ಜಮಖಾನೆ ಮೇಲೆ ಸುತ್ತ ಕೂರಿಸಿದರು. ‘ಇವತ್ತು ನಿನಗ ಊಟ ಕೊಡಬೇಕೋ ಬ್ಯಾಡೋ ಅಂತ ಬೀಜ ಹಾಕೋಣೇನು?’ ಅಂತ ಅದೇ ಹುಡುಗನನ್ನು ಕೇಳಿದರು. ‘ಬ್ಯಾಡ’ ಅಂದ. ‘ಯಾಕ?’ ‘ಊಟ ಎಲ್ಲಾರಿಗೂ ಬೇಕು.’ ‘ಇವನಿಗೆ ಹೊಡಿಯೂಣು ಅಂತ ಬೀಜ ಹಾಕೋಣೇನು?’ ಎಲ್ಲರೂ ‘ಬ್ಯಾಡ’ ಅಂದರು. ‘ಒಂದಕ್ಕ ಬಂದ್ರ ಬಿಡಬೇಕೋ ಬ್ಯಾಡೋ ಅಂತ?’ ಮಕ್ಕಳು ಬಿದ್ದು ಬಿದ್ದು ನಕ್ಕವು. ‘ಹಂಗಾದ್ರ ಜೋಕಾಲಿ?’

ಮಕ್ಕಳು ಸುಮ್ಮನಾದವು. ಮೊದಲೆಲ್ಲ ಬೀಜ ಹಾಕುವಾಗ ಬಹಳ ಹೊತ್ತು ಯೋಚಿಸುತ್ತಿದ್ದ ಆ ಮಾತಾಡದ ಹುಡುಗ ಮೆಲ್ಲಗೆ ಅಂದ: ‘ಜೋಕಾಲಿ ಎಲ್ಲಾರ್ದು.’

ಆ ಸಿಟ್ಟಿನ ಹುಡುಗ ಅಂದೇ ಒಪ್ಪಿದ ಅಂತ ನಾನು ಬರೆಯಲಾರೆ. ಒಪ್ಪಲಿಲ್ಲ. ಎರಡು ದಿನ ಜೋಕಾಲಿ ಹತ್ತಿರ ಬರಲಿಲ್ಲ. ಮೂರನೇ ದಿನ ಬಂದು ಸಾಲಿನಲ್ಲಿ ನಿಂತ.

ಬಟ್ಟಲಿಗೆ ಹೋಗುವುದು, ಹೋಗದಿರುವುದು

ಅಲ್ಲಿಂದ ಅಕ್ಕೋರು ಇಡೀ ಆಟವನ್ನು ಬೇರೆ ರೀತಿ ಕಟ್ಟಿದರು. ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವುದಕ್ಕೆ ಬೀಜ ಹಾಕಲೇಬಾರದು ಅಂತ ಮಕ್ಕಳನ್ನೇ ಕೇಳಿ ಚಿತ್ರ ಬಿಡಿಸಿದರು. ಊಟ, ನೀರು, ಪಾಯಖಾನೆಗೆ ಹೋಗೋದು, ಹೊಡೆಯದಿರೋದು, ಜೋಕಾಲಿಯ ಸರದಿ. ಆರನೆಯದನ್ನು ಆ ತಮ್ಮನ ಅಕ್ಕ ಸೇರಿಸಿದಳು. ತನ್ನನ್ನು ‘ಗ್ಯಾಂಗಿನಾಕಿ’ ಅಂತ ಕರೆಯಬಾರದು, ಹೆಸರು ಹಿಡಿದು ಕರೆಯಬೇಕು ಅಂತ. ಅವಳು ಇದನ್ನು ಹೇಳಿದ್ದು ಲಂಬಾಣಿಯಲ್ಲಿ. ಗ್ಯಾಂಗಿನ ಇನ್ನೊಬ್ಬ ಹುಡುಗ ಕನ್ನಡಕ್ಕೆ ತಂದ. ಹೆಸರನ್ನು ಚಿತ್ರ ಬಿಡಿಸೋದು ಹೇಗೆ? ಬಾಯಿ ತೆರೆದ ಒಂದು ಮುಖ ಬಿಡಿಸಿದರು.

ಇನ್ನು ಬೀಜ ಹಾಕಿ ನಿರ್ಧರಿಸುವಂಥವು. ಯಾವ ಹಾಡು, ಯಾವ ಕಥೆ, ತೋರಣಕ್ಕೆ ಯಾವ ಬಣ್ಣದ ಕಾಗದ, ಸುತ್ತಾಡಲು ಗುಡಿ ಕಡೆಗೋ ಹೊಲದ ಕಡೆಗೋ. ಇವು ಸಣ್ಣವು ಅಂತ ಕೆಲವರಿಗೆ ಅನಿಸಬಹುದು. ಮಗುವಿಗೆ ಸಣ್ಣವಲ್ಲ. ಸೋತರೂ ಯಾರಿಗೂ ಪೆಟ್ಟು ಬೀಳುವುದಿಲ್ಲ, ಗೆದ್ದರೆ ಖುಷಿ. ಸೋಲನ್ನು ಸಹಿಸುವ ಅಭ್ಯಾಸ ಇಂಥ ಕಡೆಯೇ ಆಗಬೇಕು. ಇಲ್ಲೂ ಅಕ್ಕೋರು ಒಂದು ಬದಲಾವಣೆ ತಂದರು. ಸೋತ ಬಟ್ಟಲಿನ ಆಟ ಮರುದಿನ ಬೀಜ ಇಲ್ಲದೆಯೇ ನಡೆಯಬೇಕು. ಹೀಗಾಗಿ ಮಣ್ಣಿನಾಟಕ್ಕೂ ದಿನ ಸಿಕ್ಕಿತು. ನನಗೆ ಈ ಒಂದು ನಿಯಮವೇ ಬಹಳ ದೊಡ್ಡದು ಅನಿಸುತ್ತದೆ. ಐವರು ಯಾವತ್ತೂ ಹದಿನೆಂಟನ್ನು ಗೆಲ್ಲಲಾರರು ಅನ್ನುವುದನ್ನು ಅದು ಒಪ್ಪಿಕೊಂಡಿತು, ಒಪ್ಪಿಕೊಂಡು ದಾರಿ ಹುಡುಕಿತು.

ಮೂರನೆಯದೂ ಒಂದಿತ್ತು. ಅದನ್ನು ಬಚ್ಚಿಡುವುದು ಸರಿಯಲ್ಲ. ಕಾಲುವೆ ಹತ್ತಿರ ಹೋಗೋದು, ಲಸಿಕೆ ಹಾಕಿಸಿಕೊಳ್ಳೋದು, ಒಲೆ ಮುಟ್ಟೋದು. ಇವನ್ನು ದೊಡ್ಡವರೇ ನಿರ್ಧರಿಸುತ್ತಾರೆ. ಆದರೆ ಯಾಕೆ ಅಂತ ಮಗುವಿಗೆ ಹೇಳಬೇಕು, ಪ್ರತಿ ಸಲ ಕೇಳಿದರೂ ಹೇಳಬೇಕು. ದೊಡ್ಡವರ ಅಧಿಕಾರಕ್ಕೂ ಕಾರಣ ಕೊಡುವ ಹೊಣೆ ಇದೆ ಅನ್ನೋದನ್ನು ಮಗು ಇಲ್ಲಿ ಕಲಿಯುತ್ತದೆ. ‘ನಾ ಹೇಳೀನಿ, ಅದಕ್ಕ’ ಅನ್ನುವ ಉತ್ತರವನ್ನು ಆ ಕೇಂದ್ರದಲ್ಲಿ ನಾನು ಆಮೇಲೆ ಕೇಳಲಿಲ್ಲ.

ಹಾಲಿನ ವಿಷಯದಲ್ಲಿ ಗೊಂದಲ ಆಯಿತು. ಕ್ಷೀರಭಾಗ್ಯ ಯೋಜನೆ 2013ರಿಂದ ಇದೆ, ಮಗುವಿಗೆ 150 ಮಿಲಿ ಲೀಟರ್ ಹಾಲು. ಕೆಲವು ಮಕ್ಕಳಿಗೆ ಹಾಲಿನ ಪುಡಿಯ ವಾಸನೆ ಆಗದು. ‘ಹಾಲು ಬ್ಯಾಡ ಅಂತ ಬೀಜ ಹಾಕೋಣು’ ಅಂದರು. ಅಕ್ಕೋರು ಎರಡನ್ನು ಬೇರೆ ಮಾಡಿದರು. ನಿನಗೆ ಬೇಡವಾದರೆ ನಿನ್ನ ಬಾಯಿಗೆ ಯಾರೂ ಒತ್ತಾಯದಿಂದ ಹಾಕುವುದಿಲ್ಲ. ಬೇಡ ಅನ್ನೋದು ನಿನ್ನ ಹಕ್ಕು. ಆದರೆ ನಿನಗೆ ಬೇಡ ಅಂತ ಅವಳ ಲೋಟ ತೆಗೆಯೋಕೆ ಆಗುವುದಿಲ್ಲ. ನನ್ನ ವಿಷಯದಲ್ಲಿ ನನ್ನ ‘ಬೇಡ’ ಮತ್ತು ಇನ್ನೊಬ್ಬರ ವಿಷಯದಲ್ಲಿ ಹತ್ತು ಜನರ ‘ಬೇಡ’ ಒಂದೇ ಅಲ್ಲ. ದೊಡ್ಡವರ ಸಭೆಗಳಲ್ಲೂ ಈ ವ್ಯತ್ಯಾಸ ಮರೆತುಹೋಗುವುದನ್ನು ನೋಡಿ ಬೇಸರ ಪಟ್ಟವಳು ನಾನು. ಐದು ವರ್ಷದವರಿಗೆ ಅದು ಅರ್ಥ ಆಯಿತು.

ಪ್ರಜಾಪ್ರಭುತ್ವ ಅಂದರೆ ಬಹುಮತ ಅನ್ನುವ ಅರ್ಧ ಪಾಠವನ್ನು ನಾವು ಬಹಳ ಸಲೀಸಾಗಿ ಕಲಿಸಿಬಿಡುತ್ತೇವೆ. ಮಕ್ಕಳ ದಿನಾಚರಣೆ ಬಂದರೆ ಮತಪೆಟ್ಟಿಗೆ ಮಾಡಿಸುತ್ತೇವೆ, ಮುಖ್ಯಮಂತ್ರಿ, ಮಂತ್ರಿ ಅಂತ ಮಕ್ಕಳಿಗೆ ಪಟ್ಟ ಕಟ್ಟುತ್ತೇವೆ. ನಮ್ಮ ಸಂವಿಧಾನ ಮಾಡಿದ್ದು ಅಷ್ಟನ್ನೇ ಅಲ್ಲ. ಮತ ಎಷ್ಟೇ ಬಿದ್ದರೂ ಕಿತ್ತುಕೊಳ್ಳಬಾರದ ಮೂಲಭೂತ ಹಕ್ಕುಗಳನ್ನು ಅದು ಮೊದಲು ಬೇರೆ ಇಟ್ಟಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್, ಸಂವಿಧಾನದ ನೀತಿ ಮನುಷ್ಯನಿಗೆ ಸಹಜವಾಗಿ ಬರುವುದಲ್ಲ, ಅದನ್ನು ಬೆಳೆಸಿಕೊಳ್ಳಬೇಕು, ನಮ್ಮ ಜನ ಇನ್ನೂ ಅದನ್ನು ಕಲಿಯಬೇಕಿದೆ ಅಂದರು. ಕಲಿಯೋದು ಯಾವ ವಯಸ್ಸಿನಲ್ಲಿ? ಹದಿನೆಂಟಕ್ಕೆ ಮತ ಹಾಕುವಾಗಲೇ? ‘ನಮ್ಮವರು’, ‘ಗ್ಯಾಂಗಿನವರು’ ಅನ್ನುವ ಭೇದ ಐದಕ್ಕೇ ಬಂದಿರುತ್ತದೆ. ಅದಕ್ಕೆ ಎದುರಾದ ಪಾಠವೂ ಐದಕ್ಕೇ ಶುರುವಾಗಬೇಕು.

ಜಗತ್ತಿನಲ್ಲಿ ಬೇರೆಯವರೂ ಇದನ್ನು ಯೋಚಿಸಿದ್ದಾರೆ. ಸ್ವೀಡನ್‌ನ ಶಾಲಾಪೂರ್ವ ಪಠ್ಯಕ್ರಮ ಪ್ರಜಾಪ್ರಭುತ್ವವೇ ತನ್ನ ತಳಪಾಯ ಅಂತ ಹೇಳಿಕೊಂಡು ಶುರುವಾಗುತ್ತದೆ. ಮಕ್ಕಳನ್ನು ಹೊಡೆಯುವುದನ್ನು ಆ ದೇಶ 1979ರಲ್ಲೇ ಮನೆಯಲ್ಲೂ ನಿಷೇಧಿಸಿತು. ಪೋಲೆಂಡಿನ ವೈದ್ಯ ಯಾನುಷ್ ಕೋರ್ಚಾಕ್ 1912ರಲ್ಲಿ ವಾರ್ಸಾದಲ್ಲಿ ತೆರೆದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯ ಇತ್ತು. ಅಲ್ಲಿ ಮಕ್ಕಳು ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಕೋರ್ಚಾಕ್ ತಾವೇ ಆ ನ್ಯಾಯಾಲಯದ ಮುಂದೆ ನಿಂತಿದ್ದರು. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರನ್ನು ಬಿಟ್ಟು ಉಳಿಯಲು ಒಪ್ಪದೆ ಜೊತೆಗೇ ಹೋದರು. ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೊದಲ ಪ್ರಸ್ತಾವವನ್ನು 1978ರಲ್ಲಿ ತಂದದ್ದು ಅದೇ ಪೋಲೆಂಡ್. ಅಕ್ಕೋರಿಗೆ ಈ ಕಥೆ ಹೇಳಿದಾಗ ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮರುವಾರ ಬಂದಾಗ, ಅಕ್ಕೋರು ತಪ್ಪು ಮಾಡಿದರೆ ಮಕ್ಕಳು ಹೇಳಬಹುದು ಅನ್ನುವ ಮಾತು ಸುತ್ತ ಕೂರುವ ಹೊತ್ತಿನಲ್ಲಿ ಸೇರಿಕೊಂಡಿತ್ತು.

ಮನೆಯವರು ಏನಂದರು

ಸಿಟ್ಟಿನ ಹುಡುಗನ ಅಪ್ಪ ಒಂದು ದಿನ ಬಾಗಿಲಿಗೆ ಬಂದರು. ಮಗ ಮನೆಯಲ್ಲಿ ಎದುರುತ್ತರ ಕೊಡುತ್ತಿದ್ದಾನೆ, ಹೊಡೆಯಲು ಕೈ ಎತ್ತಿದರೆ ‘ಯಾಕ ಹೊಡಿತಿ, ಮೊದಲ ಹೇಳು’ ಅನ್ನುತ್ತಾನೆ ಅಂದರು. ಎಬಿಸಿಡಿ ಕಲಿಸೋದು ಬಿಟ್ಟು ಇದನ್ನೇಕೆ ಕಲಿಸುತ್ತೀರಿ, ಕಾನ್ವೆಂಟಿಗೆ ಹಾಕುತ್ತೇವೆ ಅಂದರು.

ಅಕ್ಕೋರು ಕಾನೂನು ಹೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ ಅಂತ ಅವರಿಗೆ ಗೊತ್ತಿತ್ತು. ಅಂಗಳದಲ್ಲಿ ನಿಂತ ಅಪ್ಪನಿಗೆ ಕಲಂ ಹೇಳಿದರೆ ಅವರು ಮಗನನ್ನು ಬಿಡಿಸಿಕೊಂಡು ಹೋಗುತ್ತಾರೆ ಅನ್ನೋದೂ ಗೊತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಾಳೆ ಯಾರಾದ್ರೂ ದೊಡ್ಡವ್ರು ನಿಮ್ಮ ಹುಡುಗನ್ನ ಕರದು, ಮುಟ್ಟಬಾರದ ಕಡೆ ಮುಟ್ಟಿ, ಸುಮ್ನಿರು ಅಂದ್ರ, ಅಂವ ಸುಮ್ನಿರಬೇಕ್ರ್ಯಾ?’

ಅಪ್ಪ ಉತ್ತರ ಕೊಡಲಿಲ್ಲ. ಆದರೆ ಕಾನ್ವೆಂಟಿಗೂ ಹಾಕಲಿಲ್ಲ.

ಅಕ್ಕೋರು ಹಿಡಿದ ಎಳೆ ಸರಿಯಾದದ್ದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂತು, ಬಿಗಿಯಾದ ಕಾಯ್ದೆ. ಆದರೆ ದೊಡ್ಡವರು ಹೇಳಿದ್ದೆಲ್ಲ ಕೇಳಬೇಕು ಅಂತ ಮಾತ್ರ ಕಲಿತ ಮಗು ಬಂದು ಯಾರಿಗೆ ಹೇಳೀತು? ‘ಬೇಡ’ ಅನ್ನುವ ಮಾತಿಗೆ ಬೆಲೆ ಇದೆ ಅಂತ ಜೋಕಾಲಿ, ಹಾಲಿನ ಲೋಟದಲ್ಲಿ ತಿಳಿದ ಮಗುವಿಗೆ ಅಲ್ಲೂ ‘ಬೇಡ’ ಅನ್ನುವ ಧೈರ್ಯ ಬರುತ್ತದೆ. ಶಿಸ್ತು ಮತ್ತು ಹೆದರಿಕೆ ಎರಡೂ ಒಂದೇ ಅಂತ ನಂಬಿರುವ ತಂದೆತಾಯಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು, ಕೂತು ಹೇಳಬೇಕು. ಒಂದು ಪಾಲಕರ ಸಭೆಯಲ್ಲಿ ಮುಗಿಯುವ ಮಾತಲ್ಲ.

ಇಲ್ಲಿ ಅಕ್ಕೋರ ಬಗ್ಗೆಯೂ ಹೇಳಲೇಬೇಕು. ಅಂಗನವಾಡಿ ಕಾರ್ಯಕರ್ತೆಗೆ ಸರ್ಕಾರ ಕೊಡುವುದು ಗೌರವಧನ, ಸಂಬಳ ಅಲ್ಲ. ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ (ಗ್ರಾಚ್ಯುಟಿ) ಅವರು ಅರ್ಹರು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಪಾಠ, ಅಡುಗೆ, ತೂಕ, ಮನೆಭೇಟಿ, ಮೊಬೈಲಿನಲ್ಲಿ ಮಕ್ಕಳ ಪೋಷಣೆಯ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್, ಮೇಲೆ ಮೇಲಿನವರು ಹೇಳುವ ಸಮೀಕ್ಷೆ. ಇವರ ಮಾತನ್ನು ಕೇಳುವವರು ಕಡಿಮೆ, ಇವರಿಗೆ ಹೇಳುವವರು ಬಹಳ. ಹಾಗಿದ್ದೂ ಮಗುವಿನ ಮಾತು ಕೇಳಲು ಆ ಹೆಣ್ಣುಮಗಳು ಹೊತ್ತು ಮಾಡಿಕೊಂಡರು. ನಾವು ತರಬೇತಿ ಕೊಡುವವರು ಕಾರ್ಯಕರ್ತೆಯರನ್ನು ಸಾಲಾಗಿ ಕೂರಿಸಿ ಗಂಟೆಗಟ್ಟಲೆ ಭಾಷಣ ಮಾಡಿ, ಕೊನೆಗೆ ಮಕ್ಕಳ ಭಾಗವಹಿಸುವಿಕೆ ಮುಖ್ಯ ಅಂದರೆ ಅದರಲ್ಲಿ ಹುರುಳಿಲ್ಲ. ಈ ಪ್ರಕರಣವನ್ನು ತರಬೇತಿಗೆ ಬಳಸುವವರು ಹುಡುಗನ ಪ್ರಶ್ನೆಯವರೆಗೆ ಮಾತ್ರ ಓದಿ ನಿಲ್ಲಿಸಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಅಂತ ಕಾರ್ಯಕರ್ತೆಯರನ್ನೇ ಕೇಳಬೇಕು ಅಂತ ನನ್ನ ಕೋರಿಕೆ. ನಾನು ಹಾಗೆ ಮಾಡಿದ ಕಡೆಗಳಲ್ಲಿ ನಮ್ಮ ಯಾವ ಕೈಪಿಡಿಯಲ್ಲೂ ಇಲ್ಲದ ಉತ್ತರಗಳು ಬಂದವು.

ಏನು ಉಳಿಯಿತು, ಏನು ಉಳಿಯಲಿಲ್ಲ

ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು, ಗ್ಯಾಂಗ್ ಹೋಯಿತು. ತಾಂಡಾದ ಅಂಗನವಾಡಿ ಕಾರ್ಯಕರ್ತೆಗೆ ಅಕ್ಕೋರು ಫೋನ್ ಮಾಡಿ, ಐದೂ ಮಕ್ಕಳ ತೂಕ, ಲಸಿಕೆ, ಯಾವ ಮಗು ಏನು ಇಷ್ಟಪಡುತ್ತದೆ ಅನ್ನೋದನ್ನು ಹೇಳಿದರು. ಆ ಹುಡುಗಿ ಜೂನ್‌ಗೆ ಒಂದನೇ ತರಗತಿಗೆ ಹೋಗಬೇಕು. ಮುಂದಿನ ದೀಪಾವಳಿಗೆ ಅವ್ವ ಅಪ್ಪನ ಜೊತೆ ಮತ್ತೆ ಹೊಲಕ್ಕೆ ಬಂದರೆ ಓದು ಅಲ್ಲಿಗೆ ತುಂಡಾಗುತ್ತದೆ. ತಮ್ಮನನ್ನು ಹೊರುವ ಕೆಲಸ ಅವಳದೇ ಆಗಿ ಉಳಿದರೆ ಯಾವ ಬಟ್ಟಲೂ ಅವಳಿಗೆ ನ್ಯಾಯ ಕೊಡಲಾರದು. ಗ್ಯಾಂಗು ಇಳಿಯುವ ಕಡೆಯೇ ಹಸುಗೂಸುಗಳಿಗೆ ಶಿಶುವಿಹಾರ ಬೇಕು. ಇದು ಅಂಗನವಾಡಿಯ ಒಬ್ಬ ಕಾರ್ಯಕರ್ತೆಯ ಕೈಯಲ್ಲಿ ಆಗುವ ಕೆಲಸವಲ್ಲ. ಕಬ್ಬು ಕಡಿಸುವವರು, ಕಾರ್ಖಾನೆ, ಪಂಚಾಯಿತಿ, ಇಲಾಖೆ ಎಲ್ಲರೂ ಸೇರಿ ಮಾಡಬೇಕಾದದ್ದು. ಆ ಹಂಗಾಮಿನಲ್ಲಿ ಯಾರೂ ಮಾಡಲಿಲ್ಲ.

ಊರಿನ ಮಕ್ಕಳಲ್ಲಿ ಗೋಡೆಯ ಹಾಳೆ ಉಳಿದಿದೆ. ಏಳನೆಯ ಚಿತ್ರ ಒಂದು ಸೇರಿದೆ. ಜಮಖಾನೆ ಮಡಚುವುದು ಹೆಣ್ಣುಮಕ್ಕಳ ಕೆಲಸ ಅಲ್ಲ, ಎಲ್ಲರದೂ ಅನ್ನೋದು. ಇದು ಬೀಜಕ್ಕೆ ಹೋಗಬೇಕೋ ಬೇಡವೋ ಅಂತಲೇ ಒಂದು ದಿನ ಜಗಳ ನಡೆದು, ಬೇಡ ಅಂತ ಆಯಿತು.

ಅಂಗನವಾಡಿಯ ಬಾಲವಿಕಾಸ ಸಮಿತಿ ಅಂತ ಊರಿನವರದೇ ಒಂದು ಸಮಿತಿ ಇದೆ. ಅದರ ಸಭೆಯಲ್ಲಿ ಅಕ್ಕೋರು ಒಂದು ವಿಷಯ ಇಟ್ಟರು. ಗ್ಯಾಂಗ್ ಇರುವ ತಿಂಗಳುಗಳಲ್ಲಿ ಅವರ ಒಬ್ಬ ತಾಯಿಯನ್ನೂ ಸಭೆಗೆ ಕರೆಯಬೇಕು ಅಂತ. ಕೆಲವರು ಬೇಡ ಅಂದರು. ನಾಲ್ಕು ತಿಂಗಳು ಇದ್ದು ಹೋಗುವವರಿಗೆ ಯಾಕೆ ಅಂದರು. ಮಕ್ಕಳು ಮಾಡಿದ್ದ ಹಾಳೆಯನ್ನು ಅಕ್ಕೋರು ತೋರಿಸಿದರು. ಮಾತು ಬಹಳ ಹೊತ್ತು ನಡೆಯಿತು. ಕರೆಯೋಣ ಅಂತ ಆಯಿತು. ಆದರೆ ಸಭೆ ನಡೆಯೋದು ಬೆಳಿಗ್ಗೆ ಹನ್ನೊಂದಕ್ಕೆ, ಆ ಹೊತ್ತಿಗೆ ಯಾವ ಗ್ಯಾಂಗಿನ ತಾಯಿಯೂ ಹೊಲ ಬಿಟ್ಟು ಬರಲಾರಳು. ಮುಂದಿನ ನವೆಂಬರಿನಿಂದ ಸಭೆಯನ್ನು ಸಂಜೆ ಏಳಕ್ಕೆ, ಜೋಪಡಿಗಳ ಹತ್ತಿರವೇ ಮಾಡಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು.